ಚೆಲ್ಲಿದ್ದರ ಮೇಲೆ ಇನ್ನೊಂದನ್ನು ಸುರಿಯಬೇಡಿ

ಮನೆಯಲ್ಲಿ ಆಸಿಡ್ ಚೆಲ್ಲಿದರೆ ಏನು ಮಾಡ್ತೀರಿ? ಸುರಕ್ಷತಾ ತರಬೇತಿಗೆ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. 'ಬಟ್ಟೆಯಲ್ಲಿ ಒರೆಸ್ತೀವಿ' ಅನ್ನುವವರು ಜಾಸ್ತಿ. 'ಬ್ಲೀಚ್ ಹಾಕಿ ತೊಳೀತೀವಿ' ಅನ್ನುವವರೂ ಇರುತ್ತಾರೆ. ಆ ಮಾತು ಕೇಳಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಟಾಯ್ಲೆಟ್ ತೊಳೆಯುವ ಎಷ್ಟೋ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ಬಗ್ಗಿ ಉಜ್ಜುವವರ ಮುಖ ಇರುವುದೂ ಅಲ್ಲೇ, ಅಲ್ವಾ? ಘಾಟು ಬಂದರೆ ಕ್ಲೀನ್ ಮಾಡುತ್ತಾ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಸಹಾಯಕ್ಕೆ ಫೋನ್ ಮಾಡಿ. ಕೆಮ್ಮು ಕಡಿಮೆಯಾಯಿತೆಂದು ಸುಮ್ಮನಿರಬೇಡಿ. ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಿಸಿಕೊಳ್ಳಬಹುದು.

ಕಟ್ಟಿಕೊಂಡ ಪೈಪ್ ಬಿಡಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಎಂಬ ಕ್ಷಾರ, ಅಂದರೆ ಆಸಿಡ್‌ಗೆ ವಿರುದ್ಧ ಗುಣದ ವಸ್ತು, ಇರುತ್ತದೆ. ಅದು ಚೆಲ್ಲಿದಾಗ ವಿನೆಗರ್ ಹಾಕಿದರೆ ಸರಿಹೋಗುತ್ತದೆ ಎಂದು ಶಾಲೆಯ ಪಾಠ ನೆನಪಿಟ್ಟುಕೊಂಡವರು ಹೇಳುತ್ತಾರೆ. ವಿನೆಗರ್ ಒಂದು ಆಸಿಡ್, ಆಸಿಡ್ ಕ್ಷಾರದ ಗುಣವನ್ನು ಅಳಿಸುತ್ತದೆ ಎನ್ನುವ ಆ ಪಾಠ ತಪ್ಪಲ್ಲ. ಆದರೆ ಆಸಿಡ್ ಮತ್ತು ಕ್ಷಾರ ಸೇರಿದಾಗ ಬಿಸಿ ಹುಟ್ಟುತ್ತದೆ, ಕುದ್ದು ಕಣ್ಣಿಗೆ ಸಿಡಿಯಬಹುದು. ಕಣ್ಣಿಗೋ ಚರ್ಮಕ್ಕೋ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ನೋವಿನಲ್ಲಿ ಎರಡು ನಿಮಿಷವೂ ಇಪ್ಪತ್ತು ಅನ್ನಿಸುತ್ತದೆ.

ಸ್ವಲ್ಪವೇ ಚೆಲ್ಲಿದ್ದು, ಘಾಟಿಲ್ಲದಿದ್ದರೆ ನೀವೇ ತೆಗೆಯಬಹುದು. ಮಕ್ಕಳನ್ನು ದೂರ ಕಳಿಸಿ, ಕಿಟಕಿ ತೆರೆಯಿರಿ. ಲೇಬಲ್ ಓದಿ, ರಬ್ಬರ್ ಗ್ಲೌಸ್ ಹಾಕಿ. ಒಣ ಮರಳನ್ನು ಅಂಚಿನಿಂದ ಒಳಮುಖವಾಗಿ ಹಾಕುತ್ತಾ ಬನ್ನಿ. ಮರದ ಹೊಟ್ಟು ಬೇಡ, ಕೆಲವು ರಾಸಾಯನಿಕ ತಗುಲಿದರೆ ಅದು ಹೊತ್ತಿಕೊಳ್ಳುತ್ತದೆ. ಪೆಟ್ರೋಲ್, ಥಿನ್ನರ್ ಚೆಲ್ಲಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಆಫ್ ಮಾಡಲೂ ಬೇಡ, ಅದರ ಕಿಡಿಯೇ ಸಾಕು.

ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ ಪೊರಕೆ ಹಿಡಿಯಬೇಡಿ. ಮಣಿಗಳು ಒಡೆದು ಇನ್ನೂ ಸಣ್ಣದಾಗಿ ಹರಡುತ್ತವೆ. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಆವಿಯೇ ಕೋಣೆ ತುಂಬುತ್ತದೆ. ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿಯಿರಿ, ಮಣಿಗಳು ಮಿನುಗುತ್ತವೆ. ದಪ್ಪ ಕಾಗದದಿಂದ ಒಟ್ಟುಮಾಡಿ, ಉಳಿದದ್ದನ್ನು ಟೇಪಿಗೆ ಅಂಟಿಸಿ, ಮುಚ್ಚಳದ ಡಬ್ಬಿಗೆ ಹಾಕಿ. ಸಿಂಕಿಗೆ ಸುರಿಯಬೇಡಿ.

ಯಾರಿಗಾದರೂ ತೊಂದರೆಯಾಗಿ ಆಸ್ಪತ್ರೆಗೆ ಹೊರಟಿರಾ? ಚೆಲ್ಲಿದ ಬಾಟಲಿಯ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.