ಬರೆಯಲು ಕಲಿಸುವುದು: ಅಡಿಕೆಯ ಮದ್ದು ಮತ್ತು ಕೆಂಪು ಪೆನ್ನು

ಬಿ.ಎಡ್. ಗೆಳೆಯರೇ, ಬರವಣಿಗೆ ಹೇಗೆ ನಡೆಯುತ್ತದೆ ಅಂತ ತೋರಿಸಲು ಸಂಶೋಧಕರಾದ ಫ್ಲವರ್ ಮತ್ತು ಹೇಸ್ 1981ರಲ್ಲಿ ಕೊಟ್ಟ ಬಾಣಗಳ ಚಿತ್ರವನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಅವರು ಹೇಳಿದ್ದು ಇಷ್ಟು. ಬರೆಯುವಾಗ ತಲೆಯೊಳಗೆ ಮೂರು ಕೆಲಸ ನಡೆಯುತ್ತವೆ: ಏನು ಹೇಳಬೇಕೆಂದು ಯೋಚಿಸುವುದು, ಅದನ್ನು ವಾಕ್ಯ ಮಾಡುವುದು, ಬರೆದದ್ದನ್ನು ತಿರುಗಿ ನೋಡುವುದು. ಆದರೆ ಇವು ಸಾಲಾಗಿ ಬರುವ ಹಂತಗಳಲ್ಲ, ಒಂದು ವಾಕ್ಯದ ಮಧ್ಯದಲ್ಲೇ ಮತ್ತೆ ಯೋಚನೆಗೆ ಹಿಂದೆ ಹೋಗುವುದುಂಟು. ಪರೀಕ್ಷೆಯಲ್ಲಿ ನಾವು ಮರೆಯುವುದು ಇದನ್ನೇ.

ನನಗೆ ಇದು ಅರ್ಥವಾದದ್ದು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ, ಟೀಚಿಂಗ್ ಪ್ರಾಕ್ಟೀಸ್ ಸಮಯದಲ್ಲಿ. ಏಳನೇ ಕ್ಲಾಸಿಗೆ ಮೊದಲು ‘ಮಳೆಗಾಲ’ ಅಂತ ವಿಷಯ ಕೊಟ್ಟೆ. ಎಲ್ಲ ಪುಸ್ತಕದಲ್ಲೂ ರೈತರಿಗೆ ಸಂತೋಷ, ಕಪ್ಪೆ ವಟಗುಟ್ಟುತ್ತದೆ! ತಪ್ಪು ನನ್ನದೇ, ಅಂಥ ವಿಷಯಕ್ಕೆ ಅಂಥದ್ದೇ ಬರುವುದು.

ಮುಂದಿನ ವಾರ ಬೇರೆ ಕೊಟ್ಟೆ: ಅಡಿಕೆಗೆ ಕೊಳೆರೋಗ ಬರದ ಹಾಗೆ ಬಿಡುವ ಬೋರ್ಡೋ ಮದ್ದನ್ನು ಮನೆಯಲ್ಲಿ ಹೇಗೆ ಮಾಡುತ್ತಾರೆ, ತೋಟವನ್ನೇ ನೋಡದವರಿಗೂ ತಿಳಿಯುವ ಹಾಗೆ ಬರೆಯಿರಿ. ತೋಟ ಇಲ್ಲದ ಮಕ್ಕಳಿಗೆ ಓದಿ ಪ್ರಶ್ನೆ ಕೇಳುವ ಕೆಲಸ. ಒಬ್ಬ ಹುಡುಗ ಬರೆದದ್ದು ಒಂದೇ ಸಾಲು: ‘ಮೈಲುತುತ್ತು ಮತ್ತು ಸುಣ್ಣ ಕಲಸಿ ಬಿಡಬೇಕು.’ ಪಕ್ಕದಲ್ಲಿದ್ದ ಪೇಟೆಯ ಹುಡುಗಿ ಬಿಡಲಿಲ್ಲ. ಎಷ್ಟು? ಯಾವುದನ್ನು ಯಾವುದಕ್ಕೆ ಹಾಕುವುದು? ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಅವನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ. ಆಮೇಲೆ ಒಂದು ಕಿಲೋ ತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ತುತ್ತಿನ ನೀರನ್ನೇ ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು, ತಿರುಗಾಮುರುಗಾ ಆಗಬಾರದು, ಕೊನೆಗೆ ಕತ್ತಿ ಅದ್ದಿ ನೋಡಿದರೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಪುಟ ತುಂಬಿಸಿದ. ತಿರುಗಿ ನೋಡಿದ್ದು ಅವನನ್ನು ಮತ್ತೆ ಯೋಚನೆಗೆ ಕಳಿಸಿತು. ಬಾಣದ ಚಿತ್ರ ಅಂದರೆ ಇದೇ ಅಲ್ವಾ?

ಇನ್ನು ತಿದ್ದುವುದು. ಎರಡನೇ ಭಾಷೆಯಲ್ಲಿ ಬರೆಯುವವರ ವ್ಯಾಕರಣ ತಿದ್ದುವುದರಿಂದ ಲಾಭವಿಲ್ಲ, ಹಾನಿಯೇ ಅಂತ ಭಾಷಾ ಕಲಿಕೆಯ ಸಂಶೋಧಕ ಟ್ರಸ್ಕಾಟ್ 1996ರಲ್ಲಿ ವಾದ ಮಾಡಿದರು. 1999ರಲ್ಲಿ ಇನ್ನೊಬ್ಬ ಸಂಶೋಧಕಿ ಫೆರಿಸ್ ಅದನ್ನು ಒಪ್ಪದೆ ಉತ್ತರ ಕೊಟ್ಟರು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳಿರುವ ನಮ್ಮ ಊರಿಗೆ ಈ ಜಗಳ ತುಂಬಾ ಹತ್ತಿರದ್ದು. ‘ನಾಳೆ ಶಾಲೆಗೆ ಅವಧಿ’ ಅಂತ ಒಬ್ಬಳು ಬರೆದಿದ್ದಳು. ಮಲಯಾಳದಲ್ಲಿ ಅವಧಿ ಎಂದರೆ ರಜೆ. ಇನ್ನೊಬ್ಬ ‘ಮಾವನ ಹತ್ತಿರ ಸಂಸಾರ ಮಾಡಿದೆ’ ಅಂದ, ಅಲ್ಲಿ ಸಂಸಾರ ಎಂದರೆ ಮಾತುಕತೆ (ನಗು ತಡೆದುಕೊಳ್ಳುವುದು ಕಷ್ಟವಾಯಿತು). ಇದು ಅಜಾಗ್ರತೆ ಅಲ್ಲ, ಅವರಿಗೆ ಎರಡು ಭಾಷೆ ಬರುತ್ತದೆ ಅಷ್ಟೇ. ಕೆಂಪು ಸುತ್ತು ಹಾಕಿದರೆ ಏನು ತಪ್ಪು ಅಂತಲೇ ಗೊತ್ತಾಗುವುದಿಲ್ಲ. ಎರಡೂ ಅರ್ಥ ಬೋರ್ಡಿನಲ್ಲಿ ಪಕ್ಕಪಕ್ಕ ಬರೆದೆ, ಅಂಥ ಪದ ಇನ್ನೂ ನಾಲ್ಕು ಅವರೇ ಹುಡುಕಿಕೊಟ್ಟರು.

ನಾನು ಫೆರಿಸ್ ಕಡೆ, ಆದರೆ ಅರ್ಧ ಮಾತ್ರ. ಮೊದಲ ಓದಿಗೆ ಪೆನ್ನು ಮುಚ್ಚಿಡಿ. ಎರಡನೇ ಓದಿಗೆ ಒಂದೇ ಬಗೆಯ ತಪ್ಪು ತಿದ್ದಿ, ಒಂದು ಸಲ ಅಲ್ಪಪ್ರಾಣ ಮಹಾಪ್ರಾಣವಾದರೆ ಇನ್ನೊಂದು ಸಲ ವಿಭಕ್ತಿ. ಪಾಠಯೋಜನೆಯಲ್ಲಿ ಇದಕ್ಕೆ ಎರಡು ಪೀರಿಯಡ್ ಇಟ್ಟುಕೊಳ್ಳಿ. ನೋಟ್‌ಬುಕ್ ಮಾತ್ರ ಮನೆಗೆ ಕಳಿಸಬೇಡಿ, ಅಕ್ಕ ಬರೆದುಕೊಡುತ್ತಾಳೆ.