ಹಳೇ ಧಾರಾವಾಹಿಯ ರಿಯೂನಿಯನ್ ಸಿನಿಮಾದಲ್ಲಿ ಇಷ್ಟೊಂದು ಎಡವಟ್ಟು ಯಾಕೆ?

ಪ್ರಶ್ನೆ: ವರ್ಷಗಟ್ಟಲೆ ನೋಡಿದ ಧಾರಾವಾಹಿಯ ಪಾತ್ರಗಳೆಲ್ಲ ಮತ್ತೆ ಒಂದೆಡೆ ಸೇರುವ ಟಿವಿ ಸಿನಿಮಾ ಬಂದರೆ ಖುಷಿಯಿಂದ ಕೂರುತ್ತೇವೆ. ನೋಡಿದರೆ ತಂಗಿಯ ವಯಸ್ಸು ಹೊಂದುವುದಿಲ್ಲ, ತೀರಿಹೋದ ಅಜ್ಜಿಯ ಬಗ್ಗೆ ಒಂದು ಮಾತಿಲ್ಲ, ಅರ್ಧ ಕುಡಿದ ಕಾಫಿ ಲೋಟ ಮರುಕ್ಷಣ ತುಂಬಿರುತ್ತದೆ. ಇದೆಲ್ಲ ಅಸಡ್ಡೆಯೇ? ಯಾವುದು ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ಹೊಂದಿಕೆ) ತಪ್ಪು, ಯಾವುದು ಕಥೆಯ ಲಾಜಿಕ್ ತಪ್ಪು?

ಉತ್ತರ: ಈ ಮೂರೂ ಒಂದೇ ಜಾತಿಯ ತಪ್ಪಲ್ಲ. ಲೋಟದ ತಪ್ಪು ಆಗುವುದು ಸೆಟ್ಟಿನಲ್ಲಿ, ವಯಸ್ಸಿನದು ಬರೆಯುವಾಗ, ಅಜ್ಜಿಯ ಮಾತು ಬಿಟ್ಟುಹೋಗುವುದು ಹೆಚ್ಚಾಗಿ ಎಡಿಟಿಂಗ್ ಟೇಬಲ್ಲಿನಲ್ಲಿ. ಕಣ್ಣಿಗೆ ಮೊದಲು ಬೀಳುವುದು ಲೋಟವೇ. ಆದರೆ ಸಿನಿಮಾ ಕೆಡುವುದು ಅದರಿಂದಲ್ಲ, ಹಳೇ ಕಂತುಗಳ ಲೆಕ್ಕವನ್ನು ಯಾರೂ ಬರೆದಿಡದೇ ಹೋದದ್ದರಿಂದ.

ವಿವರಿಸಲು ಒಂದು ಕಲ್ಪಿತ ಕಥೆ ಇಟ್ಟುಕೊಳ್ಳೋಣ. ದಾವಣಗೆರೆಯ ಒಂದು ವ್ಯಾಪಾರಿ ಮನೆತನದ ಧಾರಾವಾಹಿ 2003ರಲ್ಲಿ ಮುಗಿದಿದೆ. 2023ರಲ್ಲಿ ಅದೇ ಮನೆಯವರು ಚಿತ್ರದುರ್ಗದ ಕೋಟೆಯಲ್ಲಿ ಸೇರುತ್ತಾರೆ. ಎರಡು ಗಂಟೆಯ ಸಿನಿಮಾ.

ಮೊದಲು ಸೆಟ್ಟಿನ ತಪ್ಪು. ಮನೆಯವರೆಲ್ಲ ಬೆಣ್ಣೆ ದೋಸೆ ತಿನ್ನುತ್ತ ಮಾತಾಡುವ ದೃಶ್ಯ ಅಂದುಕೊಳ್ಳಿ. ಮೊದಲು ಎಲ್ಲರೂ ಕಾಣುವ ಮಾಸ್ಟರ್ ಶಾಟ್, ಆಮೇಲೆ ಒಬ್ಬೊಬ್ಬರ ಕ್ಲೋಸಪ್. ಮೂರು ಆ್ಯಂಗಲ್, ಪ್ರತಿಯೊಂದಕ್ಕೆ ನಾಲ್ಕು ಟೇಕ್ ಅಂದರೂ ಒಬ್ಬೊಬ್ಬ ನಟನಿಗೆ 12 ದೋಸೆ ಬೇಕು. ಅಷ್ಟೂ ಟೇಕಿನಲ್ಲಿ ಅದೇ ಮಾತಿಗೆ ಅದೇ ಕೈ, ಅದೇ ತುತ್ತು. ಲೈಟಿನ ಬಿಸಿಗೆ ದೋಸೆಯ ಮೇಲಿನ ಬೆಣ್ಣೆ ನಿಲ್ಲುವುದಿಲ್ಲ. ಹಾಗಾಗಿ ಬೆಣ್ಣೆ ಮುದ್ದೆ ಕಾಣುವ ಶಾಟನ್ನು ಮೊದಲೇ ಬಿಡಿಯಾಗಿ ತೆಗೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕರಗಿದ ಬೆಣ್ಣೆ ಎಡಿಟಿಂಗ್ ಆದಮೇಲೆ ಮತ್ತೆ ಗಟ್ಟಿಯಾಗಿ ಕಾಣುತ್ತದೆ. ಇದನ್ನೆಲ್ಲ ಬರೆದುಕೊಳ್ಳುವುದು ಕಂಟಿನ್ಯುಟಿ ನೋಡುವ ಸಹಾಯಕ ನಿರ್ದೇಶಕರ ಕೆಲಸ. ಹೊಸಬರು ಸಾಮಾನ್ಯವಾಗಿ ಶಾಟ್ ಶುರುವಾಗುವ ಮೊದಲು ಫೋಟೋ ತೆಗೆದು ಸುಮ್ಮನಾಗುತ್ತಾರೆ. ಬೇಕಾದದ್ದು ‘ಕಟ್’ ಅಂದ ತಕ್ಷಣದ ಫೋಟೋ, ಅದೂ ಕ್ಯಾಮೆರಾ ಇರುವ ಕಡೆಯಿಂದಲೇ. ಮುಂದಿನ ಶಾಟ್ ಬಂದು ಕೂಡಿಕೊಳ್ಳುವುದು ಅಲ್ಲಿಗೆ.

ಕೋಟೆಯ ಸಮಸ್ಯೆ ಬೇರೆ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅನುಮತಿ ಬೇಕು, ಸಂಜೆ ಬಾಗಿಲು ಹಾಕುತ್ತಾರೆ, ಸಾಮಾನನ್ನು ಮೆಟ್ಟಿಲ ಮೇಲೆ ಹೊತ್ತೇ ಸಾಗಿಸಬೇಕು. ಹೀಗಾಗಿ 4ನೇ ಸೀನು, 37ನೇ ಸೀನು, 62ನೇ ಸೀನು ಎಲ್ಲವನ್ನೂ ಒಂದೇ ದಿನ ಮುಗಿಸುತ್ತಾರೆ. ಬೆಳಿಗ್ಗೆ ಅಣ್ಣನ ಮಾತು ತೆಗೆದು, ಅದಕ್ಕೆ ತಮ್ಮನ ಉತ್ತರವನ್ನು ಮಧ್ಯಾಹ್ನ ಮೂರರ ಮೇಲೆ ತೆಗೆದರೆ ಬಂಡೆಯ ನೆರಳು ಆ ಬದಿಯಿಂದ ಈ ಬದಿಗೆ ಬಂದಿರುತ್ತದೆ. ಮಳೆಗಾಲ ಮುಗಿದಾಗ ಹಸಿರಾಗಿದ್ದ ಗುಡ್ಡ ಮಾರ್ಚ್‌ನಲ್ಲಿ ಒಣಗಿ ಬೇರೆ ಊರಿನಂತೆ ಕಾಣುತ್ತದೆ. ಬಿಟ್ಟುಹೋದ ಶಾಟ್ ತೆಗೆಯುವ ಪ್ಯಾಚ್ ವರ್ಕಿಗೆ ಆರು ತಿಂಗಳು ಬಿಟ್ಟು ಹೋದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಫ್ಲ್ಯಾಶ್‌ಬ್ಯಾಕ್ ಇದ್ದರೆ ಊರೇ ಸಾಕ್ಷಿ ಹೇಳುತ್ತದೆ. 1985ರ ದೃಶ್ಯದ ಹಿನ್ನೆಲೆಯಲ್ಲಿ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರ ಕಂಡರೆ ತಪ್ಪು. ಫ್ಲ್ಯಾಶ್‌ಬ್ಯಾಕ್ 1990ರದಾದರೆ ಕಚೇರಿಯ ಬೋರ್ಡಿನಲ್ಲಿ ‘ದಾವಣಗೆರೆ ಜಿಲ್ಲೆ’ ಅಂತ ಇರಕೂಡದು, ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ರೂಪಾಯಿಯ ಹೊಸ ಚಿಹ್ನೆ 2010ಕ್ಕೂ ಹಿಂದಿನ ಹೋಟೆಲಿನ ದರಪಟ್ಟಿಯಲ್ಲಿ ಬರುವಂತಿಲ್ಲ. ಇವು ಸಣ್ಣ ವಿಷಯ ಅನ್ನುವವರಿದ್ದಾರೆ. ಅದೇ ಊರಿನಲ್ಲಿ ಬೆಳೆದವರಿಗೆ ಸಣ್ಣದಲ್ಲ.

ಈಗ ಬರವಣಿಗೆಯ ತಪ್ಪು. ಕೊನೇ ಕಂತಿನಲ್ಲಿ ತಂಗಿ ನಾಲ್ಕನೇ ಕ್ಲಾಸು, ಅಂದರೆ ಒಂಬತ್ತು ವರ್ಷ. ಸಿನಿಮಾದಲ್ಲಿ ಅವಳಿಗೆ 29 ಆಗಿರಬೇಕು. ಸಿಕ್ಕ ಹೊಸ ನಟಿಗೆ 22, ಹಾಗಾಗಿ ಕಥೆಯಲ್ಲಿ ಅವಳನ್ನು ಕಾಲೇಜಿಗೆ ಕಳಿಸುತ್ತಾರೆ. ಅಲ್ಲಿಗೆ ಏಳು ವರ್ಷ ಮಾಯ. ಅತ್ತ ಧಾರಾವಾಹಿ ಮುಗಿಯುವ ಹೊತ್ತಿಗೆ ಮದುವೆಯಾದ ಅಣ್ಣನಿಗೆ 19ರ ಮಗಳಿದ್ದಾಳೆ. ಸೋದರತ್ತೆಗೂ ಅವಳಿಗೂ ಮೂರೇ ವರ್ಷದ ಅಂತರ! ಒಂದು ವಯಸ್ಸು ಜಾರಿದರೆ ಮನೆಯವರೆಲ್ಲರ ವಯಸ್ಸೂ ಜಾರುತ್ತದೆ.

ಇನ್ನೂ ಕೆಟ್ಟದ್ದು ಯಾರಿಗೆ ಏನು ಗೊತ್ತಿತ್ತು ಎನ್ನುವ ಲೆಕ್ಕ ತಪ್ಪುವುದು. ದೊಡ್ಡಪ್ಪ ಆಸ್ತಿ ಪತ್ರಕ್ಕೆ ಸುಳ್ಳು ಸಹಿ ಹಾಕಿದ್ದು ಸೊಸೆಗೆ ಹಳೇ ಕಂತಿನಲ್ಲೇ ತಿಳಿದಿತ್ತು, ಅವಳು ಅತ್ತೂ ಇದ್ದಳು. ಸಿನಿಮಾದಲ್ಲಿ ಅದನ್ನೇ ಕೇಳಿ ಹೊಸದಾಗಿ ಬೆಚ್ಚಿಬೀಳುತ್ತಾಳೆ. ಇದು ಅಪ್ಪಟ ಲಾಜಿಕ್ ತಪ್ಪು, ಯಾಕೆಂದರೆ ಮುಂದಿನ ಕಥೆಯೆಲ್ಲ ಆ ಬೆಚ್ಚಿಬೀಳುವಿಕೆಯ ಮೇಲೆ ನಿಂತಿದೆ.

ತಡೆಯುವ ದಾರಿ ಒಂದು ನೋಟ್‌ಬುಕ್. ಪ್ರತಿ ಪಾತ್ರಕ್ಕೊಂದು ಪುಟ: ಹುಟ್ಟಿದ ವರ್ಷ, ಯಾರಿಗೆ ಏನಾಗಬೇಕು, ಕೊನೇ ಕಂತಿನಲ್ಲಿ ಎಲ್ಲಿದ್ದರು, ಮೈಮೇಲಿನ ಗುರುತು ಎಡಕ್ಕೋ ಬಲಕ್ಕೋ, ಯಾವ ಗುಟ್ಟು ಯಾವ ಕಂತಿನಲ್ಲಿ ತಿಳಿಯಿತು. 20 ನಿಮಿಷದ 500 ಕಂತು ಅಂದರೆ ಸುಮಾರು 166 ಗಂಟೆ, ಸಿನಿಮಾದ ಅವಸರದಲ್ಲಿ ಅಷ್ಟನ್ನೂ ಯಾರೂ ಕೂತು ನೋಡುವುದಿಲ್ಲ. ಕೊನೇ 25 ಕಂತು ಪೂರ್ತಿ ನೋಡಿ, ಉಳಿದವುಗಳಲ್ಲಿ ಮದುವೆ, ಸಾವು, ಆಸ್ತಿ, ಆಣೆ-ಪ್ರಮಾಣದ ದೃಶ್ಯಗಳನ್ನು ಹುಡುಕಿ ನೋಡಿದರೆ ಮುಖ್ಯವಾದದ್ದು ಬಹುತೇಕ ಸಿಗುತ್ತದೆ.

ಹಳೇ ಧಾರಾವಾಹಿಯೇ ತನ್ನ ಮಾತಿಗೆ ತಪ್ಪಿದ್ದರೆ ಲೆಕ್ಕ ಇನ್ನಷ್ಟು ಕಷ್ಟ. ಅಮೆರಿಕದ ‘ಐ ಡ್ರೀಮ್ ಆಫ್ ಜೀನೀ’ (1965–70) ಮೊದಲ ಸೀಸನ್‌ನಲ್ಲಿ ಜೀನೀ ಮನುಷ್ಯಳಾಗಿ ಹುಟ್ಟಿ ಆಮೇಲೆ ಜಿನ್ನಿಯಾದವಳು. ಮುಂದಿನ ಸೀಸನ್‌ಗಳಲ್ಲಿ ಅವಳ ವಂಶವೇ ಜಿನ್ನಿಗಳದ್ದು. 1985ರಲ್ಲಿ ರಿಯೂನಿಯನ್ ಸಿನಿಮಾ ಬಂದಾಗ ನಾಯಕ ಲ್ಯಾರಿ ಹ್ಯಾಗ್‌ಮನ್ ಅದರಲ್ಲಿರಲಿಲ್ಲ, ಅದೇ ಪಾತ್ರವನ್ನು ವೇಯ್ನ್ ರೋಜರ್ಸ್ ಮಾಡಿದರು. 1978ರ ‘ರೆಸ್ಕ್ಯೂ ಫ್ರಮ್ ಗಿಲಿಗನ್ಸ್ ಐಲ್ಯಾಂಡ್’ನಲ್ಲೂ ಜಿಂಜರ್ ಪಾತ್ರಕ್ಕೆ ಟೀನಾ ಲೂಯಿಸ್ ಬದಲು ಜೂಡಿತ್ ಬಾಲ್ಡ್‌ವಿನ್ ಬಂದರು. ಮುಖ ಬದಲಾದದ್ದನ್ನು ನಾವು ತಪ್ಪು ಅನ್ನುವುದಿಲ್ಲ. ನಟರು ಒಪ್ಪದಿರಬಹುದು, ಬೇರೆ ಕೆಲಸದಲ್ಲಿರಬಹುದು. ಹೊಸ ಮುಖದ ಪಾತ್ರ ಹಳೇ ಸ್ವಭಾವ, ಹಳೇ ಸಂಬಂಧ ಮರೆತರೆ ಮಾತ್ರ ತಪ್ಪು.

ಬದಲಿ ನಟರನ್ನು ತರದೆಯೂ ದಾಟಬಹುದು. ‘ದಿ ಆ್ಯಂಡಿ ಗ್ರಿಫಿತ್ ಶೋ’ ಧಾರಾವಾಹಿಯ ರಿಯೂನಿಯನ್ ಸಿನಿಮಾ, 1986ರ ‘ರಿಟರ್ನ್ ಟು ಮೇಬೆರಿ’ಯಲ್ಲಿ ಆಂಟ್ ಬೀ ಪಾತ್ರ ತೀರಿಹೋಗಿದೆ ಎಂದು ತೋರಿಸಿದರು. ಆ ಪಾತ್ರ ಮಾಡಿದ್ದ ಫ್ರಾನ್ಸಿಸ್ ಬೇವಿಯರ್ ಆಗ ಬದುಕಿಯೇ ಇದ್ದರು. ಆದರೂ ನೋಡುವವರಿಗೆ ‘ಅವರೆಲ್ಲಿ?’ ಎಂಬ ಪ್ರಶ್ನೆ ಉಳಿಯಲಿಲ್ಲ.

ಎಡಿಟಿಂಗ್ ಟೇಬಲ್ಲಿನ ತಪ್ಪು ಬರುವುದು ಸಮಯದಿಂದ. ಎರಡು ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗುವುದು ಒಂದೂವರೆ ಗಂಟೆಯ ಆಸುಪಾಸು. ಉದ್ದವಾದರೆ ಮೊದಲು ಕತ್ತರಿ ಬೀಳುವುದು ‘ಬರೀ ಮಾತಿನ’ ದೃಶ್ಯಕ್ಕೆ, ಅಜ್ಜಿ ಹೇಗೆ ತೀರಿಕೊಂಡಳು ಎಂದು ಹೇಳಿದ್ದು ಅಲ್ಲೇ. ಹಳೇ ಕಂತಿನ ತುಣುಕು ಸೇರಿಸುವಾಗಲೂ ಎಚ್ಚರ ಬೇಕು. ಆಗಿನ ಚಿತ್ರ 4:3 (ಅಗಲ:ಎತ್ತರ) ಅಳತೆಯದು. ಅದನ್ನು ಈಗಿನ ಅಗಲ ಪರದೆಯ 16:9ಕ್ಕೆ ಎಳೆದರೆ ಮುಖ ಅಗಲವಾಗುತ್ತದೆ, ಕತ್ತರಿಸಿ ತುಂಬಿಸಿದರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಬಿಡುವುದೇ ಸರಿ.

ಉತ್ತರ ಸಿಗದ ಪ್ರಶ್ನೆಗಳೆಲ್ಲ ಲಾಜಿಕ್ ತಪ್ಪಲ್ಲ. ಅಣ್ಣ ಇಪ್ಪತ್ತು ವರ್ಷ ಪತ್ರ ಬರೆಯಲಿಲ್ಲ ಯಾಕೆ ಎಂದು ಸಿನಿಮಾ ಹೇಳದಿದ್ದರೆ ಅದು ಹೇಳದೆ ಬಿಟ್ಟ ಕಥೆ. ದಾವಣಗೆರೆಯ ಮನೆಯಿಂದ ಫೋನ್ ಮಾಡಿದವನು ಹತ್ತು ನಿಮಿಷದಲ್ಲಿ ಕೋಟೆಯ ಮೇಲೆ ಪ್ರತ್ಯಕ್ಷನಾಗಿ, ಅವನು ಸಮಯಕ್ಕೆ ಬಂದದ್ದರಿಂದಲೇ ಒಬ್ಬರ ಜೀವ ಉಳಿದರೆ ಅದು ಲಾಜಿಕ್ ತಪ್ಪು. ನಡುವೆ ಸುಮಾರು 60 ಕಿಲೋಮೀಟರ್ ಇದೆ. ಯಾರ ಜೀವವೂ ಅದರ ಮೇಲೆ ನಿಂತಿಲ್ಲದಿದ್ದರೆ ಅದನ್ನು ದೊಡ್ಡದು ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ.

ಚಿತ್ರೀಕರಣ ಮುಗಿದ ಮೇಲೂ ಕೆಲವನ್ನು ಸರಿಮಾಡಬಹುದು. ಪಾತ್ರದ ಬೆನ್ನು ಕಾಣುವ ಶಾಟ್ ಹುಡುಕಿ, ಡಬ್ಬಿಂಗ್‌ನಲ್ಲಿ ಒಂದು ಮಾತು ಸೇರಿಸಿದರೆ ಸಾಕು: ‘ಚಿತ್ರದುರ್ಗದ ಹತ್ತಿರ ಬಂದಾಗಲೇ ನಿಂಗೆ ಫೋನ್ ಮಾಡ್ದೆ ಕಣೋ.’ ತುಟಿ ಕಾಣದ್ದರಿಂದ ಹೊಸ ಮಾತು ಗೊತ್ತಾಗುವುದಿಲ್ಲ. ಆದರೆ ಫೋನ್ ಮಾಡುವಾಗ ಮನೆಯ ಗೋಡೆ ಕಂಡಿದ್ದರೆ ಈ ಉಪಾಯ ನಡೆಯದು, ಆ ಶಾಟನ್ನೇ ಕಾರಿನೊಳಗೆ ಮತ್ತೆ ತೆಗೆಯಬೇಕು. ನೆರಳಿನ ತಪ್ಪಿಗೆ ನಡುವೆ ಕೈಯದೋ ಬಂಡೆಯದೋ ಒಂದು ಕ್ಲೋಸ್ ಶಾಟ್ ಹಾಕುತ್ತಾರೆ. ತಂಗಿಯ ವಯಸ್ಸಿಗೆ ಇಂಥ ಮದ್ದಿಲ್ಲ. ಕಾಲೇಜಿನ ದೃಶ್ಯಗಳು ಚಿತ್ರೀಕರಣವಾದ ಮೇಲೆ ಏಳು ವರ್ಷವನ್ನು ಡಬ್ಬಿಂಗ್‌ನಲ್ಲಿ ತುಂಬಲಾಗದು. ಸ್ಕ್ರಿಪ್ಟ್ ಓದುವ ಹಂತದಲ್ಲೇ 28–30ರ ನಟಿಯನ್ನು ಹುಡುಕಬೇಕು, ಇಲ್ಲವೇ 22ರವರೇ ಬೇಕೆಂದರೆ ಆ ಪಾತ್ರವನ್ನು ಅಣ್ಣನ ಮಗಳನ್ನಾಗಿ ಬದಲಿಸಿ ಬರೆಯಬೇಕು.