ಒಳಸೆಳೆತ: ಬುಡದಲ್ಲಿ ತೂತಿದ್ದರೂ ಕಾರ್ಟ್ರಿಜ್ ಸೋರದಿರುವುದು ಹೇಗೆ

ಇಂಕ್‌ಜೆಟ್ ಪ್ರಿಂಟರಿನ ಕಾರ್ಟ್ರಿಜ್ ತಿರುಗಿಸಿ ಬುಡ ನೋಡಿ. ತಾಮ್ರದ ಬಣ್ಣದ ಪಟ್ಟಿ ಮುಗಿಯುವ ಕಡೆ ಉಗುರಿನಗಲದ ಒಂದು ತಗಡು ಇರುತ್ತದೆ. ಅದರ ತುಂಬ ನೂರಾರು ತೂತುಗಳು, ಒಂದೊಂದೂ ಕೂದಲೆಳೆಗಿಂತ ಸಣ್ಣವು. ಇವೇ ನಾಝಲ್‌ಗಳು. ಅವಕ್ಕೆ ನಲ್ಲಿಯಿಲ್ಲ, ಬಿರಡೆಯಿಲ್ಲ. ಮೇಲೆ ನಿಂತಿರುವ ಇಂಕು ಹೆಚ್ಚುಕಡಿಮೆ ನೀರಿನಷ್ಟೇ ತೆಳು. ಆದರೂ ಅದು ತಾನಾಗಿ ಸುರಿಯುವುದಿಲ್ಲ, ಏಕೆಂದರೆ ಕಾರ್ಟ್ರಿಜ್‌ನ ಹೊಟ್ಟೆ ಆ ಇಂಕನ್ನು ಸದಾ ಸ್ವಲ್ಪ ಒಳಕ್ಕೆ ಎಳೆದು ಹಿಡಿದಿರುತ್ತದೆ. ಈ ಎಳೆತಕ್ಕೆ ತಂತ್ರಜ್ಞರು ಬ್ಯಾಕ್ ಪ್ರೆಶರ್ ಎನ್ನುತ್ತಾರೆ. ಹೆಸರು ದಾರಿ ತಪ್ಪಿಸುವಂಥದ್ದು, ಇಲ್ಲಿ ಒತ್ತುವುದು ಯಾವುದೂ ಇಲ್ಲ. ಪಾಠದ ಭಾಷೆಯಲ್ಲಿ ಋಣ ಒತ್ತಡ. ಅಂಗಡಿಯಲ್ಲಿ ಆಡುವ ಮಾತಿಗೆ ‘ಒಳಸೆಳೆತ’ ಎಂದರೆ ಸರಿಹೋಗುತ್ತದೆ, ಕೆಲಸವೂ ಅದೇ.

ಸೆಳೆತವನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುತ್ತಾರೆ. ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿನ ಕಂಬಕ್ಕೆ ಸಮ. ಕಾರ್ಟ್ರಿಜ್‌ಗೆ ಬೇಕಾದ ಸೆಳೆತ ಅದರ ಶೇ. 1ರ ಆಸುಪಾಸು, ಅಂದರೆ 5ರಿಂದ 12 ಸೆಂಟಿಮೀಟರ್. ಸ್ಟ್ರಾನಲ್ಲಿ ಮಜ್ಜಿಗೆಯನ್ನು ನಾಲ್ಕು ಬೆರಳು ಮೇಲಕ್ಕೆ ಎಳೆದು ಹಾಗೇ ಹಿಡಿದಾಗ ಬಾಯೊಳಗೆ ಇರುವಷ್ಟೇ.

ಇಷ್ಟು ಸಣ್ಣ ಸೆಳೆತ ಯಾಕೆ ಬೇಕು? ಸಣ್ಣ ತೂತು ತನ್ನಷ್ಟಕ್ಕೇ ಇಂಕನ್ನು ತಡೆಯುವುದಿಲ್ಲವೇ? ತಡೆಯುತ್ತದೆ, ಆದರೆ ತಗಡು ಒಣಗಿರುವವರೆಗೆ ಮಾತ್ರ. ಒಂದು ನಾಝಲ್‌ನ ಅಗಲ 20 ಮೈಕ್ರಾನ್ ಎಂದುಕೊಳ್ಳಿ. ಅದರ ಬಾಯಲ್ಲಿ ಇಂಕಿನ ಮೇಲ್ಮೈ ಕರ್ಷಣ ಕಟ್ಟುವ ಪೊರೆ ಸುಮಾರು 70 ಸೆಂ.ಮೀ. ನೀರಿನ ಭಾರವನ್ನು ತಾಳಬಲ್ಲದು. ಈಗ ತಗಡಿನ ಹೊರಮೈಗೆ ಚೂರು ಇಂಕು ಅಂಟಿತು ಅನ್ನಿ. ಪೊರೆ ತೂತಿನ ಅಂಚು ದಾಟಿ ತಗಡಿನ ಮೇಲೆ ಹರಡಿಕೊಳ್ಳುತ್ತದೆ. ಎರಡು ಮಿಲಿಮೀಟರ್ ಅಗಲದ ಹನಿಯಾದ ಕೂಡಲೇ ಅದು ತಾಳುವ ಭಾರ ಒಂದು ಸೆಂಟಿಮೀಟರಿಗೂ ಕಡಿಮೆ. ಅಲ್ಲಿಂದ ಮುಂದೆ ಹನಿ ಹನಿಯೇ. ಪ್ರಿಂಟ್ ಹೊಡೆದಾಗ ತುಂತುರು ಬೀಳುತ್ತದೆ, ವೈಪರ್ ಉಜ್ಜುತ್ತದೆ, ಕಾರ್ಟ್ರಿಜ್ ಕುಲುಕುತ್ತದೆ. ತಗಡು ಒದ್ದೆಯಾಗದೆ ಇರಲಾರದು. ಒಳಸೆಳೆತ ಇದ್ದರೆ ಹೊರಗೆ ಚೆಲ್ಲಿದ ಆ ಚೂರು ಇಂಕು ವಾಪಸ್ ತೂತಿನೊಳಕ್ಕೆ ಹೋಗುತ್ತದೆ.

ಸೆಳೆತ ಅತಿಯಾದರೂ ಕೆಡುಕು. ಪ್ರತಿ ಹನಿ ಚಿಮ್ಮಿದ ಮೇಲೆ ನಾಝಲ್ ಮತ್ತೆ ತುಂಬಿಕೊಳ್ಳಬೇಕು. ಹೊಟ್ಟೆ ಬಿಗಿಯಾಗಿ ಎಳೆಯುತ್ತಿದ್ದರೆ ತುಂಬುವುದು ತಡವಾಗಿ, ಪುಟದ ಮೇಲ್ಭಾಗ ಕಪ್ಪಾಗಿಯೂ ಕೆಳಭಾಗ ಮಾಸಲಾಗಿಯೂ ಬರುತ್ತದೆ. ಇನ್ನೂ ಹೆಚ್ಚಾದರೆ ನಾಝಲ್ ಮೂಲಕವೇ ಗಾಳಿ ಒಳಗೆ ಬಂದು ಕೂರುತ್ತದೆ. ಮೋಟಾರಿಗೆ ಗಾಳಿ ಹಿಡಿದರೆ ಪಂಪು ತಿರುಗುತ್ತದೆ, ನೀರು ಬರುವುದಿಲ್ಲ, ಇದೂ ಹಾಗೇ.

ಈ ಸೆಳೆತವನ್ನು ಹುಟ್ಟಿಸಲು ಬೇರೆ ಬೇರೆ ಉಪಾಯಗಳಿವೆ. 1984ರಲ್ಲಿ ಬಂದ ಎಚ್‌ಪಿ ಥಿಂಕ್‌ಜೆಟ್‌ನಲ್ಲಿ ಇಂಕು ರಬ್ಬರಿನಂಥ ಪುಟ್ಟ ಚೀಲದಲ್ಲಿತ್ತು. ಹಿಚುಕಿದ ಚೀಲ ಮತ್ತೆ ಉಬ್ಬಲು ನೋಡುವ ಬಲವೇ ಸೆಳೆತ. ಈಗ ಜೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಕಾರ್ಟ್ರಿಜ್‌ಗಳಲ್ಲಿ ಇರುವುದು ಸ್ಪಂಜು. ಅದರ ಸಣ್ಣ ಕಣ್ಣುಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಇಂಕನ್ನು ಹೀರಿ ಹಿಡಿಯುತ್ತವೆ. ಇಲ್ಲಿ ಒಂದು ಜಾಣತನವಿದೆ: ನಾಝಲ್‌ಗಳಿಗೆ ಇಂಕು ಒಯ್ಯುವ ಕೆಳಗಿನ ಕೊಳವೆಯ ಬಾಯಿಯನ್ನು ಸ್ಪಂಜಿನೊಳಕ್ಕೆ ಒತ್ತಿ ಕೂರಿಸಿರುತ್ತಾರೆ. ಒತ್ತಿದ ಜಾಗದಲ್ಲಿ ಕಣ್ಣುಗಳು ಇನ್ನೂ ಸಣ್ಣವಾಗಿ ಅಲ್ಲಿ ಹೀರುವ ಶಕ್ತಿ ಹೆಚ್ಚು. ಹಾಗಾಗಿ ಇಂಕು ಕಡಿಮೆಯಾದಂತೆ ಉಳಿದದ್ದೆಲ್ಲ ಬಾಯಿಯ ಕಡೆಗೇ ಸರಿಯುತ್ತದೆ. ಕೊಳವೆಯ ಬಾಯಲ್ಲಿ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ಕಸ ತಡೆಯಲು. ಸ್ಪಂಜಿನ ದೋಷವೆಂದರೆ ಕೊನೆಯ ಇಂಕನ್ನು ಅದು ಬಿಟ್ಟುಕೊಡುವುದಿಲ್ಲ. ‘ಖಾಲಿ’ ಎಂದು ಎಸೆದ ಕಾರ್ಟ್ರಿಜ್ ಒಡೆದರೆ ಸ್ಪಂಜು ಒದ್ದೆಯಾಗಿಯೇ ಇರುವುದು ಇದಕ್ಕೇ.

ಎರಡು ಕೋಣೆಯ ಕಾರ್ಟ್ರಿಜ್ ಇನ್ನೊಂದು ಬಗೆ. ಕ್ಯಾನನ್‌ನ ಬಿಡಿ ಬಣ್ಣದ ಕಾರ್ಟ್ರಿಜ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದು ಕೋಣೆಯಲ್ಲಿ ಸ್ಪಂಜು, ಪಕ್ಕದ್ದರಲ್ಲಿ ಬರೀ ಇಂಕು, ನಡುಗೋಡೆಯ ಬುಡದಲ್ಲಿ ಸಣ್ಣ ಕಿಂಡಿ. ಕೋಳಿಮರಿಗಳಿಗೆ ಇಡುವ ಪ್ಲಾಸ್ಟಿಕ್ ನೀರಿನ ಡಬ್ಬಿಯನ್ನು ನೆನಪಿಸಿಕೊಳ್ಳಿ. ಬೋರಲು ಹಾಕಿದ ಡಬ್ಬಿಯಿಂದ ನೀರೆಲ್ಲ ಒಮ್ಮೆಗೇ ಸುರಿಯುವುದಿಲ್ಲ. ಮರಿ ಕುಡಿದು ತಟ್ಟೆಯ ನೀರು ಕಿಂಡಿಗಿಂತ ಕೆಳಗಿಳಿದಾಗ ಒಂದು ಗುಳ್ಳೆ ಗಾಳಿ ಒಳಗೆ ಹೋಗಿ ಅಷ್ಟೇ ನೀರು ಹೊರಗೆ ಬರುತ್ತದೆ. ಇಲ್ಲಿ ತಟ್ಟೆಯ ಬದಲು ಸ್ಪಂಜು. ಈ ತತ್ತ್ವಕ್ಕೆ 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಮಾರಿಯೊಟ್‌ನ ಹೆಸರಿದೆ. ಡಬ್ಬಿಯ ತಲೆಗೆ ಮೊಳೆ ಹೊಡೆದರೆ ಏನಾಗುತ್ತದೆ ಎಂಬುದನ್ನು ಕೋಳಿ ಸಾಕುವವರಿಗೆ ಹೇಳಬೇಕಾಗಿಲ್ಲ. ಇಂಕಿನ ಕೋಣೆಯ ತಲೆಗೆ ರೀಫಿಲ್ ತೂತು ಕೊರೆದು ಸರಿಯಾಗಿ ಮುಚ್ಚದಿದ್ದರೂ ಅದೇ ಗತಿ.

ಸ್ಪ್ರಿಂಗ್ ಚೀಲದ್ದು ಮೂರನೆಯ ಬಗೆ. ಗಾರ್ಮೆಂಟ್ ಪ್ಲಾಟರ್‌ಗಳಲ್ಲಿ, ಪ್ಯಾಕೆಟ್ ಮೇಲೆ ತಾರೀಖು ಹೊಡೆಯುವ ಯಂತ್ರಗಳಲ್ಲಿ ಬಳಸುವ 42 ಮಿ.ಲೀ.ನ ಎಚ್‌ಪಿ 45 ಇಂಥದ್ದು. ತೆಳು ಪ್ಲಾಸ್ಟಿಕ್ ಚೀಲದೊಳಗೆ ಎರಡು ಲೋಹದ ಫಲಕ, ನಡುವೆ ಅವನ್ನು ಅಗಲಿಸಲು ನೋಡುವ ಸ್ಪ್ರಿಂಗ್. ಎಪ್ಸನ್‌ನದು ಬೇರೆ ದಾರಿ: ನಾಝಲ್‌ಗಳಿರುವ ಹೆಡ್ ಪ್ರಿಂಟರಿನಲ್ಲೇ ಉಳಿಯುತ್ತದೆ, ಕಾರ್ಟ್ರಿಜ್‌ನ ಬಾಯಲ್ಲಿ ಸ್ಪ್ರಿಂಗ್ ಕವಾಟ.

ಇನ್ನು ಮೇಲ್ಭಾಗ. ಲೇಬಲ್ ಕಿತ್ತರೆ ಮುಚ್ಚಳದಲ್ಲಿ ಹಾವಿನ ಹಾಗೆ ಸುತ್ತಿ ಬಳಸಿ ಹೋಗುವ ತೆಳುವಾದ ಗೀರುಗಾಲುವೆ ಕಾಣುತ್ತದೆ. ಅಲಂಕಾರ ಅಂದುಕೊಳ್ಳುವವರೂ ಇದ್ದಾರೆ. ಅದು ಕಾರ್ಟ್ರಿಜ್‌ನ ಮೂಗು. ಇಂಕು ಇಳಿದಷ್ಟು ಗಾಳಿ ಇದರಿಂದ ಒಳಗೆ ಬರಬೇಕು. ನೆಟ್ಟಗೆ ಒಂದು ತೂತು ಕೊಟ್ಟಿದ್ದರೆ ಸಾಕಿತ್ತಲ್ಲ ಎಂದರೆ, ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಒಣ ಬಿಸಿಲಿಗೆ ಇಂಕಿನ ನೀರು ಆ ತೂತಿನಿಂದಲೇ ಆರಿಹೋದೀತು. ದಾರಿ ಉದ್ದವೂ ಇಕ್ಕಟ್ಟೂ ಆದಷ್ಟು ಆವಿ ತಪ್ಪಿಸಿಕೊಳ್ಳುವುದು ನಿಧಾನ. ಒತ್ತಡ ಸಮವಾಗಲು ಮಾತ್ರ ಅಷ್ಟು ದಾರಿ ಸಾಕು. ಕಾಲುವೆಗೆ ಚಾವಣಿ ಹಾಕುವುದೇ ಲೇಬಲ್. ಕೆಲವು ಹೊಸ ಕಾರ್ಟ್ರಿಜ್‌ಗಳಲ್ಲಿ ಈ ಮೂಗಿನ ಮೇಲೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ಅದನ್ನು ಕೀಳದೆ ಹಾಕಿದರೆ ನಾಲ್ಕು ಪುಟ ಬಂದು ನಿಲ್ಲುತ್ತದೆ.

ಬಿಸಿಲಿನ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಎರಡು ಕೋಣೆಯ ಕಾರ್ಟ್ರಿಜ್‌ನ ಮುಚ್ಚಿದ ಇಂಕಿನ ಕೋಣೆಯಲ್ಲಿ 5 ಮಿ.ಲೀ. ಗಾಳಿ ಇದೆ ಅನ್ನಿ. 25 ಡಿಗ್ರಿಯ ಎ.ಸಿ. ಕೋಣೆಯಿಂದ ತೆಗೆದು 45 ಡಿಗ್ರಿಯ ಕಾರಿನಲ್ಲಿಟ್ಟರೆ ಬರೀ ಶಾಖಕ್ಕೆ ಗಾಳಿ ಶೇ. 6.7ರಷ್ಟು ಹಿಗ್ಗುತ್ತದೆ. ಇಂಕಿನಲ್ಲಿ ಬಹುಪಾಲು ನೀರೇ ಇರುವುದರಿಂದ ನೀರಾವಿಯೂ ಸೇರಿಕೊಂಡು ಒಟ್ಟು ಹಿಗ್ಗು ಶೇ. 14ರ ಹತ್ತಿರ ಹೋಗುತ್ತದೆ. ಅಂದರೆ 0.7 ಮಿ.ಲೀ. ಇಂಕು ಕೋಣೆ ಬಿಟ್ಟು ಹೊರಡಲೇಬೇಕು. ಅದು ಹೋಗುವುದು ಪಕ್ಕದ ಸ್ಪಂಜಿಗೆ, ಸ್ಪಂಜಿನ ಮೇಲ್ಭಾಗ ಒಣಗಿದ್ದರೆ. ಕಂಪನಿಯವರು ಸ್ಪಂಜನ್ನು ತುದಿವರೆಗೆ ತುಂಬದಿರುವುದು ಜಿಪುಣತನದಿಂದಲ್ಲ, ಈ 0.7 ಮಿ.ಲೀ.ಗೆ ಜಾಗ ಬೇಕು ಎಂದು. ಅರ್ಧ ಖಾಲಿಯಾದ ಕಾರ್ಟ್ರಿಜ್ ಹೊಸದಕ್ಕಿಂತ ಬಿಸಿಲಿಗೆ ಬೇಗ ಕಾರುವುದೂ ಅದರಲ್ಲಿ ಗಾಳಿ ಹೆಚ್ಚಿರುವುದರಿಂದಲೇ. ಸ್ಪ್ರಿಂಗ್ ಚೀಲದಲ್ಲಿ ಗಾಳಿಯೇ ಇಲ್ಲದ್ದರಿಂದ ಅದಕ್ಕೆ ಈ ಕಾಟ ಕಡಿಮೆ. ಗಾಳಿ ಸೇರಿಸಿ ರೀಫಿಲ್ ಮಾಡಿದರೆ ಆ ಅನುಕೂಲವೂ ಹೋಯಿತು.

ರೀಫಿಲ್ ಮಾಡಿದ ಕಾರ್ಟ್ರಿಜ್ ಸೋರಿದರೆ ಸಾಮಾನ್ಯವಾಗಿ ಬೈಗುಳ ಇಂಕಿಗೆ ಬೀಳುತ್ತದೆ. ಇಂಕು ಕಳಪೆ ಇರಲೂಬಹುದು. ಆದರೆ ಹೆಚ್ಚಿನ ಸಲ ತಪ್ಪು ಸಿರಿಂಜ್ ಹಿಡಿದ ಕೈಯದು, ಅದರಲ್ಲೂ ಸೆಲ್ಲೋಟೇಪಿನದು. ತುಂಬಿದ ಮೇಲೆ ‘ಸೋರಬಾರದು’ ಎಂದು ಮುಚ್ಚಳಕ್ಕೆಲ್ಲ ಟೇಪು ಬಿಗಿದರೆ ಮೂಗು ಕಟ್ಟಿತು. ಮೊದಲು ಪ್ರಿಂಟ್ ಮಾಸಲಾಗುತ್ತದೆ. ಮಧ್ಯಾಹ್ನ ಅಂಗಡಿ ಕಾದಾಗ ಒಳಗಿನ ಗಾಳಿಗೆ ಮೇಲೆ ದಾರಿಯಿಲ್ಲ, ಅದು ಇಂಕನ್ನು ಕೆಳಕ್ಕೆ ನೂಕುತ್ತದೆ. ಸೋರದಿರಲಿ ಎಂದು ಹಾಕಿದ ಟೇಪೇ ಸೋರಿಸಿತು. ಎರಡು ಕೋಣೆಯದಕ್ಕೆ ನಿಯಮ ತಿರುಗುಮುರುಗು: ಸ್ಪಂಜಿನ ಕಡೆಯ ತೂತು ತೆರೆದಿರಬೇಕು, ಇಂಕಿನ ಕೋಣೆಯ ತೂತು ಗಾಳಿಯಾಡದಂತೆ ಮುಚ್ಚಿರಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಟೇಬಲ್ ಕೆಟ್ಟಿತೆಂದೇ ಲೆಕ್ಕ.

ಸ್ಪಂಜಿನ ಸಣ್ಣ ಕಾರ್ಟ್ರಿಜ್‌ಗೆ ಸರಿಯಾದ ಕ್ರಮ ಹೀಗೆ. ಲೇಬಲನ್ನು ಹರಿಯದಂತೆ ಬಿಡಿಸಿ ಇಟ್ಟುಕೊಳ್ಳಿ. ಬಣ್ಣದ್ದಾದರೆ ಪ್ರತಿ ತೂತಿಗೂ ಬೇರೆ ಕಡ್ಡಿ ಇಳಿಸಿ ತುದಿಗೆ ಹತ್ತುವ ಬಣ್ಣ ನೋಡಿ. ಬಾಯಿಪಾಠದ ಮೇಲೆ ತುಂಬಬೇಡಿ. ಸೂಜಿ ಸ್ಪಂಜಿನ ಅರ್ಧಕ್ಕೆ ಇಳಿಯಲಿ. ಕಪ್ಪಿಗೆ ಮೊದಲು 3 ಮಿ.ಲೀ., ಬಣ್ಣಕ್ಕೆ ಒಂದೊಂದು ಕೋಣೆಗೆ 1 ಮಿ.ಲೀ., ಅದೂ ಒಂದೊಂದು ಮಿ.ಲೀ.ಗೆ ಅರ್ಧ ನಿಮಿಷ ತೆಗೆದುಕೊಂಡು. ಬೇಗ ಒತ್ತಿದರೆ ಸ್ಪಂಜಿನೊಳಗೆ ಗಾಳಿಯ ಗಂಟುಗಳು ಸಿಕ್ಕಿಬಿದ್ದು, ಇಂಕು ಅವನ್ನು ಬಳಸಿ ಮೇಲಕ್ಕೆ ಉಕ್ಕುತ್ತದೆ. ನಂತರ ಅರ್ಧರ್ಧ ಮಿ.ಲೀ. ಸೇರಿಸಿ. ತೂತಿನಲ್ಲಿ ಇಂಕು ಮಿಂಚಿದ ಕೂಡಲೇ ನಿಲ್ಲಿಸಿ, ಅರ್ಧ ಮಿ.ಲೀ. ವಾಪಸ್ ಎಳೆದುಬಿಡಿ. ಒಣ ಜಾಗ ಸಿಗುವುದು ಹಾಗೆ. ಲೇಬಲನ್ನು ಮೊದಲಿದ್ದಂತೆಯೇ ಕೂರಿಸಿ. ಅದು ಹರಿದಿದ್ದರೆ ಏನೂ ಹಚ್ಚದೆ ಬಿಡುವುದೇ ವಾಸಿ, ಇಂಕು ಒಂದಿಷ್ಟು ಬೇಗ ಆರಬಹುದು ಅಷ್ಟೇ.

ಆಮೇಲೆ ಪರೀಕ್ಷೆ. ಮಡಿಸಿದ ಟಿಶ್ಯೂ ಮೇಲೆ ನಾಝಲ್ ತಗಡನ್ನು ಎರಡು ಸೆಕೆಂಡ್ ಒತ್ತಿ ಎತ್ತಿ. ಕಪ್ಪಿಗೆ ಒಂದು, ಬಣ್ಣಕ್ಕೆ ಮೂರು ಅಚ್ಚುಕಟ್ಟಾದ ಪಟ್ಟೆ ಮೂಡಬೇಕು. ನಂತರ ಕಾಗದಕ್ಕೆ ತಾಗದಂತೆ ಬುಡ ಕೆಳಗೆ ಮಾಡಿ 5 ನಿಮಿಷ ಹಿಡಿದಿಡಿ. ಒಂದು ಹನಿಯೂ ಬೀಳಬಾರದು. ಬಿದ್ದರೆ ಪ್ರಿಂಟರಿಗೆ ಹಾಕುವ ಮಾತೇ ಬೇಡ. ಇನ್ನಷ್ಟು ಇಂಕು ಎಳೆದು ಮತ್ತೆ ನೋಡಿ. ತಾಮ್ರದ ಚುಕ್ಕೆಗಳ ಮೇಲೆ ಇಂಕು ಇಳಿದಿದ್ದರೆ ಒರೆಸಲೇಬೇಕು. ಇಂಕಿನಲ್ಲಿ ವಿದ್ಯುತ್ ಹರಿಯುತ್ತದೆ, ಶಾರ್ಟ್ ಆದರೆ ಕಾರ್ಟ್ರಿಜ್ ಜತೆಗೆ ಅದನ್ನು ಹೊತ್ತು ಓಡಾಡುವ ಕ್ಯಾರೇಜ್‌ನ ಸರ್ಕ್ಯೂಟೂ ಹೋಗಬಹುದು. ಒರೆಸಲು ಬೋರಿನ ನೀರು ಬೇಡ. ನಮ್ಮ ಕಡೆಯ ಗಡುಸು ನೀರಿನ ಉಪ್ಪು ನಾಝಲ್‌ನಲ್ಲೇ ಕಟ್ಟಿಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ, ಬ್ಯಾಟರಿ ಅಂಗಡಿಯಲ್ಲಿ ಕೇಳುವುದಾದರೆ ಆಸಿಡ್ ಬಾಟಲಿ ಅಲ್ಲವೆಂದು ನೋಡಿಕೊಳ್ಳಿ.

‘ಅಣ್ಣಾ, ಹಳದಿ ಹೊಡದ್ರ ಹಸರ ಬರಾಕತ್ತೈತಿ ನೋಡ್ರಿ’ ಎಂಬ ದೂರು ಸಿಂಧನೂರಿನಿಂದ ಸಿರುಗುಪ್ಪದವರೆಗೆ ಎಲ್ಲ ರೀಫಿಲ್ ಅಂಗಡಿಗಳಿಗೂ ಪರಿಚಿತ. ಇದೂ ಸೆಳೆತದ ಏರುಪೇರೇ. ನೀಲಿಯ ಕೋಣೆ ತುಂಬಿ ತುಳುಕುತ್ತಿದೆ, ಅದರ ಸೆಳೆತ ಕಡಿಮೆ. ಹಳದಿಯ ಕೋಣೆ ಒಣಗಿದೆ, ಅದರ ಸೆಳೆತ ಜಾಸ್ತಿ. ತಗಡಿನ ಮೇಲೆ ಇಂಕಿನ ಒಂದು ಸೇತುವೆ ಬಿದ್ದರೆ ಸಾಕು, ಹಳದಿಯ ನಾಝಲ್ ನೀಲಿಯನ್ನು ಕುಡಿಯತೊಡಗುತ್ತದೆ. ಮೂರೂ ಕೋಣೆಗಳನ್ನು ಒಂದೇ ಸಲ ಸಮನಾಗಿ ತುಂಬಿದರೆ ಈ ತಂಟೆಯಿಲ್ಲ. ಪ್ರಿಂಟ್ ಮುಗಿದ ಮೇಲೆ ಕಾರ್ಟ್ರಿಜ್ ಬಂದು ನಿಲ್ಲುವ ಪಾರ್ಕಿಂಗ್ ಜಾಗದ ರಬ್ಬರ್ ಕ್ಯಾಪಿನಲ್ಲಿ ಹಳೆಯ ಇಂಕು ಕೆರೆಯಾಗಿ ನಿಂತಿದ್ದರೂ ಇದೇ ಸೇತುವೆ ಬೀಳುತ್ತದೆ, ಜತೆಗೆ ಒಳ್ಳೆಯ ಕಾರ್ಟ್ರಿಜ್ ರಾತ್ರಿ ಬೆಳಗಾಗುವುದರೊಳಗೆ ಬರಿದಾಗುತ್ತದೆ.

ಟ್ಯಾಂಕ್ ಪ್ರಿಂಟರ್‌ಗಳಲ್ಲಿ, ಹೊರಗಿನ ಡಬ್ಬಿಯಿಂದ ಪೈಪು ಎಳೆದು ಸತತ ಇಂಕು ಕೊಡುವ ಸಿಐಎಸ್‌ಎಸ್‌ಗಳಲ್ಲಿ ಒಳಸೆಳೆತ ಬಹುಮಟ್ಟಿಗೆ ಎತ್ತರದ ಲೆಕ್ಕ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಇದು ಹೊಸದಲ್ಲ: ಗದ್ದೆ ಎತ್ತರದಲ್ಲಿದ್ದರೆ ನೀರು ತಾನಾಗಿ ಹತ್ತದು. ಟ್ಯಾಂಕಿನ ಇಂಕಿನ ಮಟ್ಟ ನಾಝಲ್‌ಗಿಂತ 5 ಸೆಂ.ಮೀ. ಕೆಳಗಿದ್ದರೆ 5 ಸೆಂ.ಮೀ. ಸೆಳೆತ ಪುಕ್ಕಟೆ ಸಿಕ್ಕಿತು. ಜಾಗವಿಲ್ಲವೆಂದು ಸಿಐಎಸ್‌ಎಸ್ ಡಬ್ಬಿಯನ್ನು ಪ್ರಿಂಟರಿನ ತಲೆಯ ಮೇಲೆ ಇಟ್ಟರೆ ಸೆಳೆತದ ಬದಲು ಒತ್ತಡ ಹುಟ್ಟಿ ಇಂಕೆಲ್ಲ ಹೆಡ್ ಮೂಲಕ ಪ್ರಿಂಟರಿನ ಹೊಟ್ಟೆಗೆ ಇಳಿಯುತ್ತದೆ. ಇಂಥ ಪ್ರಿಂಟರನ್ನು ಕೊಪ್ಪಳದಿಂದ ಕುಷ್ಟಗಿಗೆ ಬಸ್ಸಿನಲ್ಲಿ ಒಯ್ಯುವಾಗ ಸಾಗಣೆಯ ಲಾಕ್ ಇದ್ದರೆ ತಿರುಗಿಸಿ, ಮುಚ್ಚಳ ಬಿಗಿ ಮಾಡಿ, ಮಟ್ಟಸವಾಗಿ ಕಾಲ ಬಳಿ ಇಟ್ಟುಕೊಳ್ಳಿ. ಲಗೇಜ್ ಡಿಕ್ಕಿಯಲ್ಲಿ ಪಕ್ಕಕ್ಕೆ ಮಲಗಿಸಿದರೆ ಅದರ ಇಂಕು ಪಕ್ಕದವರ ಚೀಲದಲ್ಲಿ ಸಿಗುತ್ತದೆ.